ಕ್ಯಾಮೆರಾ ಇಂಗ್ಲಿಷ್ ಕಲಿಸಲು ಹೋಗಿ

ಹೊಸಪೇಟೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುವವಳಿಗೆ ಬಿ.ಪಿ. ಮಾತ್ರೆ ಯಾಕೆ ಎಂದು ಕೇಳುವವರು ಒಂದು ಸಂಜೆ ಬಂದು ನನ್ನ ಕ್ಲಾಸಿನಲ್ಲಿ ಕೂರಲಿ. ದಿನಕ್ಕೊಂದು ಆಗುತ್ತಲೇ ಇರುತ್ತದೆ. ಹಂಪಿ ಪಕ್ಕದ ಊರು, ಎಲ್ಲರ ಕೈಯಲ್ಲೂ ಕ್ಯಾಮೆರಾ, ಆ ಕ್ಯಾಮೆರಾದ ನುಡಿಗಟ್ಟುಗಳನ್ನೇ ಕಲಿಸೋಣ ಎಂಬ ಬುದ್ಧಿ ನನಗೇ ಬಂದದ್ದು, ಯಾರನ್ನು ಬೈಯಲಿ?

ಆಗ ಕ್ಲಾಸಿನಲ್ಲಿ ಖಾಲಿ ಬೆಂಚುಗಳೇ ಜಾಸ್ತಿ. ಹಂಪಿಯ ಒಂದು ಹೋಟೆಲಿನವರು ತಮ್ಮ ಸ್ಟಾಫ್‌ಗೆ ಇಂಗ್ಲಿಷ್ ಕಲಿಸುವವರನ್ನು ಹುಡುಕುತ್ತಿದ್ದರು. ಅದೇ ಹೋಟೆಲಿಗೆ ಗೈಡ್ ಕೆಲಸದ ಇಂಟರ್‌ವ್ಯೂಗೆ ಹೊರಟಿದ್ದ ಕಮಲಾಪುರದವನು ನನ್ನ ವಿದ್ಯಾರ್ಥಿ. ಅವನು ಅಲ್ಲಿ ನನ್ನ ಹೆಸರು ಹೇಳಿದರೆ ಕ್ಲಾಸು ಉಳಿಯುತ್ತದೆ, ಇಲ್ಲದಿದ್ದರೆ ಬೀಗ.

ನಾಚುವವರು

'ಕ್ಯಾಮೆರಾ ಶೈ' ಎಂದರೆ ಫೋಟೋಕ್ಕೆ ನಾಚುವವರು ಎಂದು ಹೇಳಿ, ನಿಮಗೆ ಗೊತ್ತಿರುವ ಒಬ್ಬರನ್ನು ಹೇಳಿ ಎಂದೆ.

"ನಮ್ಮ ಕಡೆ ಅಂಥೋರು ಇಲ್ರಿ ಮೇಡಂ," ಎಂದ ಗೈಡ್ ಆಗಹೊರಟಿದ್ದ ಕಮಲಾಪುರದವನು. "ನಮ್ಮಜ್ಜಿ ಆಧಾರ್ ಫೋಟೋಕ್ಕ ಎರಡು ಸಲ ಪೌಡರ್ ಹಚ್ಗೊಂಡು ಹೋಗಿದ್ಲು."

ಅರ್ಧ ಗಂಟೆ ಕೂತಲ್ಲೇ ಊರೆಲ್ಲಾ ಜಾಲಾಡಿದೆವು, ಒಬ್ಬರೂ ಸಿಗಲಿಲ್ಲ. ಕೊನೆಗೆ ಸಂಡೂರಿನಿಂದ ಬರುವ ಅದಿರು ಲಾರಿ ಡ್ರೈವರ್ ಎದ್ದ.

"ಅದಾರ್ರಿ ಮೇಡಂ. ರೋಡಿನ ಮ್ಯಾಲ ಸ್ಪೀಡ್ ಹಿಡಿಯೋ ಕ್ಯಾಮೆರಾ ಕೂಡ್ರಿಸ್ಯಾರಲ್ರಿ, ಅದರ ಮುಂದ ನಾವೆಲ್ಲಾ ಕ್ಯಾಮೆರಾ ಶೈ. ಹೊಸ ಸೊಸಿ ಹಂಗ ಮೆಲ್ಲಕ ಹೋಗ್ತೀವಿ."

ಬೀಗರ ಮುಂದೆ ಹೊಗಳಿಕೆ

ಫೋಟೋದಲ್ಲಿ ಚೆನ್ನಾಗಿ ಕಾಣುವವರಿಗೆ 'ದ ಕ್ಯಾಮೆರಾ ಲವ್ಸ್ ಯೂ' ಎನ್ನಬಹುದು ಎಂದು ಕಲಿಸಿದೆ. ಕ್ಲಾಸಿಗೆ ಬರುತ್ತಿದ್ದ ಕಂಪ್ಲಿಯ ಫೋಟೋ ಸ್ಟುಡಿಯೋದವನು ಮರುದಿನವೇ ಒಂದು ಮದುವೆಯಲ್ಲಿ ಅದನ್ನು ವಧುವಿಗೆ ಹೇಳಿದ, ಅರ್ಥವನ್ನೂ ಬಿಡಿಸಿದ. ವರನ ಅಕ್ಕ ಮುಖ ಊದಿಸಿಕೊಂಡಳು: "ಹಂಗಾರ ನಮ್ಮ ಹುಡುಗ ಚೆಂದ ಕಾಣಂಗಿಲ್ಲೇನು?"

ಸರಿ, ವರನಿಗೂ ಹೇಳಿದ. ಆಮೇಲೆ ಅತ್ತೆಗೆ, ಮಾವನಿಗೆ, ಎರಡೂ ಕಡೆಯ ಸೋದರಮಾವಂದಿರಿಗೆ. ಒಬ್ಬೊಬ್ಬರಿಗೂ ಹೇಳಿ ಮುಗಿಸುವಷ್ಟರಲ್ಲಿ ಊಟ ತಣ್ಣಗಾಗಿತ್ತು. ಸಂಜೆ ಕ್ಲಾಸಿಗೆ ಬಂದವನು ನನ್ನ ಮೇಲೇ ರೇಗಿದ.

"ಇಂಥಾದ್ದು ಬ್ಯಾಡ್ರಿ ಮೇಡಂ. ಎರಡೂ ಕಡ್ಯಾರಿಗೆ ಒಮ್ಮೆ ಹೇಳಿ ಮುಗಿಸೋ ಅಂಥಾದ್ದು ಇದ್ರ ಕೊಡ್ರಿ."

ಇದ್ದಂಗ ಇರು

ಗೈಡ್‌ನ ಇಂಟರ್‌ವ್ಯೂ ಬಂತು. ಕಲ್ಲಿನ ರಥದ ಮುಂದೆ ಅವನು ಮಾತಾಡುವುದು, ಮ್ಯಾನೇಜರ್ ಮೊಬೈಲಿನಲ್ಲಿ ವಿಡಿಯೋ ಮಾಡುವುದು ಎಂದಿತ್ತು. ಹಿಂದಿನ ದಿನ ಕೂರಿಸಿಕೊಂಡು 'ಪ್ಲೇಯಿಂಗ್ ಟು ದ ಕ್ಯಾಮೆರಾ' ಬಿಡಿಸಿ ಹೇಳಿದೆ. ಕ್ಯಾಮೆರಾ ಕಂಡ ಕೂಡಲೇ ನಾಟಕ ಆಡುವುದು ಎಂದರ್ಥ, ಅದನ್ನು ಮಾಡಬೇಡ, ಇದ್ದ ಹಾಗೆ ಇರು ಎಂದೆ. ನನ್ನ ಕ್ಲಾಸಿನ ಹೆಸರು ಹೇಳಲು ಮರೆಯಬೇಡ ಎಂದೂ ನಾಚಿಕೆ ಬಿಟ್ಟು ಹೇಳಿದೆ.

ಮರುದಿನ ಅವನು ಪೇಡಾ ಹಿಡಿದು ಬಂದ.

"ಕೆಲಸ ಸಿಕ್ತರಿ ಮೇಡಂ! ನಡುವ ಹೆಂಡ್ತಿ ಫೋನ್ ಬಂತು. ನಾಟಕ ಮಾಡಲಿಲ್ಲ, ಬದ್ನಿಕಾಯಿ ತರ್ತೀನಿ ಇಡು ಅಂದೆ. ಸಾಹೇಬ್ರು ಭಾಳ ನಕ್ರು. ಆಮ್ಯಾಲ ಇಷ್ಟು ಇಂಗ್ಲಿಷ್ ಎಲ್ಲಿ ಕಲ್ತಿ ಅಂತ ಕೇಳಿದ್ರು."

ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. "ಏನಂದಿ?"

"ಕ್ಯಾಮೆರಾ ಇನ್ನೂ ಚಾಲೂ ಇತ್ರಿ. ಇದ್ದದ್ದು ಇದ್ದಂಗ ಹೇಳಿದೆ. ಕ್ಲಾಸಿಗೆ ಹೋಗೀನಿ, ಆದ್ರ ಕಲ್ತಿದ್ದೆಲ್ಲಾ ಟೂರಿಸ್ಟ್‌ಗಳ ಜೋಡಿ ಮಾತಾಡಿ ಅಂದೆ. ಹಂಗಾರ ನಮ್ಮ ಸ್ಟಾಫ್‌ಗೂ ನೀನ ಕಲಿಸು ಅಂದ್ರು."

ನನ್ನ ಮುಖ ನೋಡಿ ಅವನಿಗೂ ಕನಿಕರ ಬಂದಿರಬೇಕು. ಪೇಡಾದ ಡಬ್ಬಿ ಹತ್ತಿರ ಸರಿಸಿ ಸಮಾಧಾನ ಹೇಳಿದ:

"ಚಿಂತಿ ಮಾಡಬ್ಯಾಡ್ರಿ ಮೇಡಂ. ನೀವೂ ನನ್ನ ಕ್ಲಾಸಿಗೆ ಬಂದು ಕುಂದರ್ರಿ, ಒಂದು ತಿಂಗಳಾಗ ನಿಮಗೂ ಬರ್ತದ."