ಗ್ರೋಬೆ ಮನೆತನದ ಫೋಟೊ

ಎಲ್ಲ ರಗಳೆಯೂ ಶುರುವಾದದ್ದು ಒಂದು ಮೊಳೆಯಿಂದ.

ಬೆಳಗಿನ ಕಾಫಿಗೂ ಮುಂಚೆ ಹುಲ್ದಾ ಕುರ್ಚಿ ಹತ್ತಿ ಅಡುಗೆಮನೆಯ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಐಸೆನ್‌ರೋಡಾ ಊರಿನ ವೋಲ್ಬರ್ಟ್ ಎಂಜಿನ್ ಕಾರ್ಖಾನೆಯವರು ಕೆಲಸಗಾರರಿಗೆಂದು ಕಟ್ಟಿಸಿದ ಮನೆಗಳವು. ರೈಲು ಎಂಜಿನ್ನಿನ ತಗಡಿನಲ್ಲಿ ತೋರಿಸಿದ ಧಾರಾಳತನವನ್ನು ಅವರು ಈ ಗೋಡೆಗಳ ಇಟ್ಟಿಗೆಯಲ್ಲಿ ತೋರಿಸಿರಲಿಲ್ಲ. ಮೂರನೆಯ ಏಟಿಗೆ ಮೊಳೆ ಒಳಗೆ ಹೋಯಿತು. ಪಕ್ಕದ ಮನೆಯಲ್ಲಿ ಏನೋ ಧೊಪ್ಪನೆ ಬಿತ್ತು.

"ಯಾರ್ರೀ ಅದು? ನಮ್ಮಜ್ಜನ್ನ ಬೀಳಿಸಿಬಿಟ್ರಲ್ರೀ!" ಎಂದು ಗೋಡೆಯಾಚೆಯಿಂದ ಬ್ರೂನೋ ರೀಡೆಲ್ ಕೂಗಿದ.

ಮುಖಕ್ಷೌರ ಮಾಡಿಕೊಳ್ಳುತ್ತಿದ್ದ ಅವಳ ಗಂಡ ಆಲ್ವಿನ್ ಗ್ರೋಬೆ ಗಲ್ಲ ಕೊಯ್ದುಕೊಂಡ.

"ಫೋಟೊ ಬಂದ್ಮೇಲೆ ಹೊಡೆದ್ರೆ ಆಗ್ತಿರ್ಲಿಲ್ವೇನೇ? ಈಗ ಅವನಿಗೆ ವಾಸನೆ ಹತ್ತಿಬಿಡ್ತು."

"ಹತ್ಲಿ ಬಿಡ್ರೀ, ಹೊಟ್ಟೆ ಉರ್ಕೊಳ್ಲಿ. ಮದುವೆಯಾಗಿ ಬಂದಾಗಿಂದ ಅವರಜ್ಜನ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ," ಎಂದು ಹುಲ್ದಾ ಕುರ್ಚಿಯಿಂದ ಇಳಿದಳು.

ಬಿದ್ದದ್ದು ಸಾಮಾನ್ಯ ಪಟವಲ್ಲ. ಹಿರಿಯ ವೋಲ್ಬರ್ಟ್ ಬಿಯರ್ ಕಾಯಿಸುವ ಹಂಡೆಗಳನ್ನು ಮಾಡುವುದು ಬಿಟ್ಟು ಮೊಟ್ಟಮೊದಲ ಎಂಜಿನ್ ಕಟ್ಟಿದಾಗ ತೆಗೆಸಿದ ಫೋಟೊ ಅದು. ಆ ಎಂಜಿನ್ ಸ್ಟೇಷನ್ನಿನ ಏರು ಹತ್ತಲಾರದೆ ಕೊನೆಗೆ ಎತ್ತುಗಳಿಂದ ಎಳೆಸಿಕೊಂಡಿತು ಎನ್ನುವುದನ್ನು ಊರವರು ಮರೆತಿದ್ದರು. ಅದರ ಮುಂದೆ ಧಣಿಯ ಬಲಕ್ಕೆ ರೀಡೆಲ್‌ನ ಅಜ್ಜ ನಿಂತಿದ್ದ ಎನ್ನುವುದನ್ನು ಮಾತ್ರ ರೀಡೆಲ್ ಯಾರಿಗೂ ಮರೆಯಲು ಬಿಟ್ಟಿರಲಿಲ್ಲ. ಆಲ್ವಿನ್ನನ ಅಜ್ಜನೂ ಅದೇ ಎಂಜಿನ್ನಿಗೆ ರಿವೆಟ್ ಹೊಡೆದವನೇ. ಆದರೆ ಫೋಟೊದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸುವ ಹೊತ್ತಿಗೆ ಸರಿಯಾಗಿ ಅವನ ಹೊಟ್ಟೆ ಕೆಟ್ಟು, ಪೊದೆಯ ಹಿಂದೆ ಓಡಿದ್ದ. ಅಂದಿನಿಂದ ಐಸೆನ್‌ರೋಡಾದಲ್ಲಿ ಯಾರೇ ತಡವಾಗಿ ಬಂದರೂ, "ಏನು, ಗ್ರೋಬೆ ಹಾಗೆ ಪೊದೆ ಹಿಂದೆ ಹೋಗಿದ್ಯಾ?" ಎಂದು ಕೇಳುವುದು ವಾಡಿಕೆಯಾಯಿತು. ಅಂದು ಬೆಳಿಗ್ಗೆ ಅಜ್ಜನಿಗೆ ಪ್ಲಮ್ ಕೇಕ್ ತಿನ್ನಿಸಿದವನು ರೀಡೆಲ್‌ನ ಅಜ್ಜನೇ ಎಂಬ ಗುಟ್ಟು ಗ್ರೋಬೆ ಮನೆಯಲ್ಲಿ ತಂದೆಯಿಂದ ಮಗನಿಗೆ ಆಸ್ತಿಯಂತೆ ಬಂದಿತ್ತು.

ಈಗ ಕಂಪನಿಗೆ ಅರವತ್ತು ತುಂಬುತ್ತಿತ್ತು. ಈಗಿನ ಧಣಿ ಕಂಪನಿಯ ಚರಿತ್ರೆಯನ್ನೂ ಅದು ಮಾಡಿದ ಎಂಜಿನ್ನುಗಳನ್ನೂ ಸೇರಿಸಿ ದಪ್ಪ ಪುಸ್ತಕವೊಂದನ್ನು ಅಚ್ಚು ಹಾಕಿಸುತ್ತಿದ್ದರು. ಅದರ ಕೊನೆಯ ಪುಟಕ್ಕೆ, ಅರ್ಜೆಂಟೀನಾಕ್ಕೆ ಹೊರಟಿದ್ದ ಹೊಸ ದೊಡ್ಡ ಎಂಜಿನ್ನಿನ ಫೋಟೊ ಬೇಕಿತ್ತು. ಮೇಸ್ತ್ರಿ ಕುನಾತ್ ಹಿಂದಿನ ಸಂಜೆ ಆಲ್ವಿನ್ನನನ್ನು ಕರೆದು, "ನಾಳೆ ಫೋಟೊ ಹೊತ್ತಿಗೆ ನೀನು ಮೆಟ್ಟಿಲ ಮೇಲೆ ನಿಂತು ಎಂಜಿನ್ ಬಾಗಿಲು ಹಿಡ್ಕೊಬೇಕು ಕಣಯ್ಯ. ಅಲ್ಲಾಡಬಾರ್ದು," ಎಂದಿದ್ದ.

ಆಲ್ವಿನ್ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಅವನು ಬಣ್ಣದ ಶೆಡ್ಡಿನವನು. ಜಾವಾದ ಕಬ್ಬಿನ ಗದ್ದೆಗಳಿಗೆ ಹೋದ ಗಿಡ್ಡ ಎಂಜಿನ್ನುಗಳು, ಹಲ್ಲುಚಕ್ರ ಊರಿ ಬೆಟ್ಟ ಹತ್ತುವಂಥವು, ಸಿಡಿಮದ್ದಿನ ಕಾರ್ಖಾನೆಯಲ್ಲಿ ಕಿಡಿ ಹಾರಬಾರದೆಂದು ಬೆಂಕಿಯಿಲ್ಲದೆ ತುಂಬಿಟ್ಟ ಹಬೆಯಿಂದಲೇ ಓಡುವಂಥವು, ಎಲ್ಲವೂ ಅವನ ಕುಂಚದ ಕೆಳಗೆ ಹಾದು ಲೋಕ ನೋಡಲು ಹೋಗಿದ್ದವು. ಅವನ ಮುಖವನ್ನು ಮಾತ್ರ ಊರಿನ ಬಿಯರ್ ಅಂಗಡಿಯವನೂ ಸರಿಯಾಗಿ ನೋಡಿರಲಿಲ್ಲ. ಇವತ್ತು ಆ ಲೆಕ್ಕ ಚುಕ್ತಾ ಆಗಬೇಕಿತ್ತು.

ಅವನಿಗೆ ಇದ್ದ ಒಂದೇ ಹೆದರಿಕೆ ರೀಡೆಲ್‌ನದು. ಜೊತೆಗೆ ರೀಡೆಲ್ ಮನೆಯಲ್ಲಿ ವಾರದಿಂದ ಬಾಡಿಗೆಗಿದ್ದ ಬಡಕಲು ಮನುಷ್ಯ ಲೀಬಿಶ್‌ನದು. ಅವನ ಊರು ಕಸುಬು ಯಾರಿಗೂ ಗೊತ್ತಿರಲಿಲ್ಲ. ಅವನ ಬಳಿ ಬೀಗ ಹಾಕಿದ ಮರದ ಪೆಟ್ಟಿಗೆಯೊಂದಿತ್ತು. ಹುಲ್ದಾ ಬಟ್ಟೆ ಒಣಹಾಕುವಾಗ ಕಿಟಕಿಯಲ್ಲಿ ಕಂಡಿದ್ದಳಂತೆ: ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚೂಪಾದ ಪುಟ್ಟ ಚಾಕುವಿನಿಂದ ಏನನ್ನೋ ಕೆರೆಯುತ್ತಿದ್ದ.

"ಯಾರು ಆಯಪ್ಪ?" ಎಂದು ಆಲ್ವಿನ್ ಬೇಲಿಯ ಬಳಿ ಕೇಳಿದ್ದಕ್ಕೆ ರೀಡೆಲ್, "ಧಣಿಯ ಅಪ್ಪಣೆ, ಹೇಳೋ ಹಾಗಿಲ್ಲ," ಎಂದು ಮೀಸೆಯೊಳಗೇ ನಕ್ಕಿದ್ದ.

ಧಣಿಯ ಅಪ್ಪಣೆಯಂತೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆಲ್ವಿನ್ನನಿಗೆ ರೀಡೆಲ್‌ನ ನಗುವೂ, ಲೀಬಿಶ್‌ನ ಚಾಕುವೂ, ಕೊನೆಗೆ ರೀಡೆಲ್ ಮನೆಯ ಬೆಕ್ಕು ತನ್ನ ಕಡೆ ನೋಡಿದ್ದೂ ಒಂದೇ ಸಂಚಿನ ಭಾಗವಾಗಿ ಕಂಡವು.

ಭಾನುವಾರದ ಕಪ್ಪು ಕೋಟು ಹಾಕಿಕೊಂಡು ಅವನು ಕಾರ್ಖಾನೆಗೆ ಹೋದ. ಅಂಗಳದಲ್ಲಿ ಎಂಜಿನ್ ನಿಂತಿತ್ತು. ಅದಕ್ಕೆ ಬೂದು ಬಣ್ಣ ಬಳಿದವನು ಅವನೇ. ಕರಿಯ ಎಂಜಿನ್ನಿನ ಫೋಟೊದಲ್ಲಿ ರಿವೆಟ್ಟುಗಳು ಕಾಣುವುದಿಲ್ಲವಾದ್ದರಿಂದ ಮೊದಲು ಬೂದು ಬಳಿದು ಫೋಟೊ ತೆಗೆಸಿ, ಆಮೇಲೆ ಕಪ್ಪು ಬಳಿಯುತ್ತಿದ್ದರು. ಅದೂ ಕ್ಯಾಮೆರಾ ಕಡೆಯ ಒಂದು ಮಗ್ಗುಲಿಗೆ ಮಾತ್ರ. ಕಾಣದ ಮಗ್ಗುಲಿಗೆ ಬಣ್ಣ ಹಾಳು ಮಾಡುವವನು ವೋಲ್ಬರ್ಟ್ ವಂಶದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅವನು ಚಕ್ರಗಳ ಬಳಿ ಕೊನೆಯ ಕೈ ಬಣ್ಣ ಬಳಿಯುತ್ತಿರುವಾಗ ರೀಡೆಲ್ ತಟ್ಟೆ ಹಿಡಿದು ಬಂದ.

"ಬೆಳಿಗ್ಗೆ ಸಿಟ್ಟಲ್ಲಿ ಕೂಗಿಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ ಮಾರಾಯ. ತಗೋ, ನಮ್ಮವಳು ಮಾಡಿದ್ದು. ಪ್ಲಮ್ ಕೇಕ್."

ಆಲ್ವಿನ್ ಹಾವು ತುಳಿದವನಂತೆ ಹಿಂದಕ್ಕೆ ಹಾರಿದ.

"ನಂಗೆ ಹಸಿವಿಲ್ಲ."

"ಒಂದು ಚೂರು ತಿನ್ನೋ!"

"ಒಂದು ಚೂರಲ್ಲ, ವಾಸನೆನೂ ಬೇಡ. ಮೂರು ತಲೆಮಾರು ಆದ್ರೂ ನಿಮಗೆ ಬೇರೆ ಉಪಾಯ ಹೊಳೀಲಿಲ್ವಲ್ಲ!"

ರೀಡೆಲ್ ಕಣ್ಣು ಕಣ್ಣು ಬಿಟ್ಟು, ಕೇಕನ್ನು ತಾನೇ ತಿನ್ನುತ್ತ ಹೋದ. ಅವನು ತಿಂದೂ ಸಾಯಲಿಲ್ಲ, ಓಡಲೂ ಇಲ್ಲ. ತನಗಿಟ್ಟ ಚೂರಿನಲ್ಲಿ ಮಾತ್ರ ಮದ್ದು ಹಾಕಿರಬೇಕು ಎಂದು ಆಲ್ವಿನ್ ಸಮಾಧಾನ ಮಾಡಿಕೊಂಡ. ಮುನ್ನೆಚ್ಚರಿಕೆಗಾಗಿ ಹುಲ್ದಾ ಕಟ್ಟಿಕೊಟ್ಟಿದ್ದ ಬ್ರೆಡ್ಡು ಸಾಸೇಜನ್ನೂ ತಿನ್ನದೆ, ನೀರೂ ಕುಡಿಯದೆ ಕೂತ.

ಮಧ್ಯಾಹ್ನ ಲೀಬಿಶ್ ಪೆಟ್ಟಿಗೆಯ ಸಮೇತ ಅಂಗಳಕ್ಕೆ ಬಂದ. ಎಂಜಿನ್ನನ್ನು ಒಂದು ಸುತ್ತು ಹಾಕಿ, ಆಲ್ವಿನ್ನನ ಎದುರು ನಿಂತು ತಲೆಯಿಂದ ಕಾಲಿನವರೆಗೆ ಅಳೆದು ನೋಡಿದ.

"ಬಾಗಿಲು ಹಿಡ್ಕೊಳ್ಳೋರು ನೀವೇನಾ? ಹೊರಗೆ ಯಾಕೆ ನಿಲ್ತೀರಿ, ಒಳಗಡೆಯಿಂದ ಹಿಡ್ಕೊಳ್ಳಿ. ನಿಮಗೂ ನೆರಳು, ನಂಗೂ ಕೆಲಸ ಕಮ್ಮಿ."

"ನಿಮಗೇನು ಕೆಲಸ ಇಲ್ಲಿ?" ಎಂದು ಆಲ್ವಿನ್ ಗುಡುಗಿದ.

ಲೀಬಿಶ್ ನಕ್ಕು ಎಂಜಿನ್ನಿನ ಆಚೆ ಮಗ್ಗುಲಿಗೆ ಹೋದ. ಅಲ್ಲಿ ರೀಡೆಲ್ ಇದ್ದ. ಇಬ್ಬರೂ ಗುಸುಗುಸು ಮಾತಾಡತೊಡಗಿದರು. ಆಲ್ವಿನ್ ಎಂಜಿನ್ನಿಗೆ ಎದೆಯಾನಿಸಿ, ಚಕ್ರಗಳ ಸಂದಿಗೆ ಕಿವಿಯಿಟ್ಟ.

"ನಮ್ಮಜ್ಜ ಚೆನ್ನಾಗಿ ಕಾಣ್ತಾನಾ ಸಾರ್?" ಇದು ರೀಡೆಲ್.

"ನೋಡೋಣ. ಹಳೇದು ನನ್ನ ಕೈಲಿದೆ. ಇವತ್ತಿನದೇ ತಲೆನೋವು. ಆ ಮೆಟ್ಟಿಲ ಮೇಲಿನ ಮನುಷ್ಯ ಅಲ್ಲಿ ಇರಬಾರ್ದು."

ಆಲ್ವಿನ್ ಸಂದಿಯಿಂದ ಕಿವಿ ಕಿತ್ತುಕೊಂಡ. ಇನ್ನೇನು ಸಾಕ್ಷಿ ಬೇಕು? ಎದ್ದು ನೋಡಿಕೊಂಡರೆ ಕೋಟಿನ ಮುಂಭಾಗವೆಲ್ಲ ಒಣಗದ ಬೂದು ಬಣ್ಣ ಮೆತ್ತಿಕೊಂಡಿತ್ತು. ಒರೆಸಿದಷ್ಟೂ ಹರಡಿತು. ಅದಕ್ಕೆಲ್ಲ ಈಗ ಪುರುಸೊತ್ತಿರಲಿಲ್ಲ.

ಲೀಬಿಶ್ ಒಂಟಿಯಾಗಿ ಸಿಕ್ಕ ಕೂಡಲೇ ಆಲ್ವಿನ್ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡು ಹೇಳಿದ: "ಸಾಹೇಬ್ರೆ, ಹಳೇ ಎಂಜಿನ್ನುಗಳ ಹೆಸರಿನ ಫಲಕ ನೋಡ್ತೀರಾ? ಒಳಗೆ ಇಟ್ಟಿದ್ದೀನಿ."

ಬಣ್ಣದ ಉಗ್ರಾಣದೊಳಗೆ ಲೀಬಿಶ್ ತಲೆ ಹಾಕಿದ್ದೇ ತಡ, ಆಲ್ವಿನ್ ಕದ ಎಳೆದು ಬೀಗ ಜಡಿದ.

ಫೋಟೊದವನು ಬಂದು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದ. ಧಣಿ ಬಂದರು. "ನಮ್ಮ ಲೀಬಿಶ್ ಎಲ್ಲಿ?" ಎಂದು ಫೋಟೊದವನು ಸುತ್ತ ನೋಡಿದ. ಎಲ್ಲರಿಗಿಂತ ಮೊದಲು, ತನ್ನನ್ನು ಯಾರೂ ಕೇಳದಿದ್ದರೂ, "ನಾನು ನೋಡಿಲ್ಲ!" ಎಂದವನು ಆಲ್ವಿನ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ.

"ಬಿಸಿಲು ಹೋಗ್ತಿದೆ, ಶುರು ಮಾಡಿ," ಎಂದರು ಧಣಿ.

ಆಲ್ವಿನ್ ಮೆಟ್ಟಿಲೇರಿ, ಒಂದು ಕೈಯಲ್ಲಿ ಬಾಗಿಲು ಹಿಡಿದು, ಎದೆಯುಬ್ಬಿಸಿ ನಿಂತ. ಹೊಟ್ಟೆ ತಾಳ ಹಾಕುತ್ತಿತ್ತು. ನೊಣವೊಂದು ಮೂಗಿನ ಮೇಲೆ ಕೂತು ಕೈಕಾಲು ತೊಳೆದುಕೊಂಡಿತು. ಅವನು ಕದಲಲಿಲ್ಲ. ಫೋಟೊದವನು ಮುಚ್ಚಳ ತೆಗೆದು, ಎಣಿಸಿ, ಮತ್ತೆ ಹಾಕಿದ. ಗೆದ್ದೆ ಅಜ್ಜಾ, ಎಂದು ಆಲ್ವಿನ್ ಮನಸ್ಸಿನಲ್ಲೇ ಕೂಗಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಅಷ್ಟರಲ್ಲಿ ಉಗ್ರಾಣದ ಕದ ದಡದಡ ಬಡಿದುಕೊಳ್ಳತೊಡಗಿತು. ಕುನಾತ್ ಹೋಗಿ ಬೀಗ ಒಡೆದ. ಕತ್ತಲಲ್ಲಿ ಮಸಿಯ ಡಬ್ಬಿ ಮಗುಚಿಕೊಂಡಿದ್ದ ಲೀಬಿಶ್ ಹೊರಬಂದಾಗ ಅವನ ಹಲ್ಲು ಮಾತ್ರ ಬೆಳ್ಳಗಿದ್ದವು.

"ಅಯ್ಯೋ ಗ್ರೋಬೆ, ಇದೇನಯ್ಯಾ ಮಾಡ್ದೆ!" ಎಂದು ಧಣಿ ತಲೆ ಮೇಲೆ ಕೈಯಿಟ್ಟರು. "ಫೋಟೊ ತಿದ್ದೋದ್ರಲ್ಲಿ ಇವರನ್ನ ಮೀರಿಸೋರು ಈ ಸೀಮೇಲೇ ಇಲ್ಲ. ನಮ್ಮ ಪುಸ್ತಕದ ಫೋಟೊ ಎಲ್ಲಾ ಇವರ ಕೈಲೇ ಇರೋದು. ಹಿಂದಿನ ಗೋಡೆ, ಹೊಗೆ, ಕಸ, ಬೇಡದ್ದೆಲ್ಲಾ ಅಳಿಸಿ ಎಂಜಿನ್ ಮಾತ್ರ ಉಳಿಸ್ತಾರೆ."

ಬೇಡದ್ದೆಲ್ಲಾ! ಆಲ್ವಿನ್ ಇನ್ನೂ ಮೆಟ್ಟಿಲ ಮೇಲೇ ಇದ್ದ. ಹಿಡಿದಿದ್ದ ಕೈ ಸಡಿಲಿತು. ಬಾಗಿಲು ಕಿರ್ರೆಂದು ತಾನಾಗಿಯೇ ತೆರೆದುಕೊಂಡಿತು.

"ಅದಕ್ಕಿನ್ನೂ ಚಿಲಕ ಬಂದಿಲ್ಲ ನೋಡು," ಎಂದ ಕುನಾತ್. "ಅದಕ್ಕೇ ನಿನ್ನ ನಿಲ್ಲಿಸಿದ್ದು."

ಸಂಜೆ ಹುಲ್ದಾ ಸೋಪು, ಬಿಸಿನೀರು ಮತ್ತು ಒಂದು ಸೇಬಿನ ಕೇಕು ಹೊರಿಸಿ ಗಂಡನನ್ನು ಪಕ್ಕದ ಮನೆಗೆ ಅಟ್ಟಿದಳು. ಲೀಬಿಶ್ ಒಳ್ಳೆಯವನು. ಮಸಿ ತೊಳೆದುಕೊಳ್ಳುತ್ತಲೇ ನಕ್ಕ.

"ತಪ್ಪಾಯ್ತು ಸಾರ್. ನನ್ನನ್ನ ಅಳಿಸಬೇಡಿ," ಎಂದು ಆಲ್ವಿನ್ ಕೈಹಿಡಿದುಕೊಂಡು ಕೇಳಿದ.

"ಧಣಿ ಮಾತು ಮೀರೋಕಾಗಲ್ಲ ಗ್ರೋಬೆಯವರೆ. ಎಂಜಿನ್ ಮಾತ್ರ ಬೇಕಂತೆ. ಅಲ್ಲದೆ ಆ ಬೂದು ಕೋಟು ಹಾಕ್ಕೊಂಡು ಎಂಜಿನ್ ಜೊತೆ ಅರ್ಧ ನೀವೇ ಸೇರಿಹೋಗಿದ್ದೀರಿ. ನಂಗೆ ಉಳಿದಿರೋದು ನಿಮ್ಮ ತಲೆ ಒಂದೇ."

ಆಗ ಆಲ್ವಿನ್ ಅಜ್ಜನ ಕತೆಯನ್ನೆಲ್ಲ ಹೇಳಿಕೊಂಡ. ಫೋಟೊಗೆಂದೇ ಹುಂಜದ ಗರಿ ಸಿಕ್ಕಿಸಿದ ಹೊಸ ಟೋಪಿ ಹಾಕಿಕೊಂಡು ಹೋಗಿದ್ದ ಪಾಪದ ಅಜ್ಜ. ಮೂರು ತಲೆಮಾರಿನ ಮೂದಲಿಕೆ. ಗೋಡೆಯಲ್ಲಿ ಕಾಯುತ್ತಿರುವ ಮೊಳೆ.

ಲೀಬಿಶ್ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟ. "ಹುಂಜದ ಗರೀನಾ? ಎರಡು ಗರಿ, ಒಂದು ಮುರಿದಿರೋದು?"

"ಹೌದು. ನಿಮಗೆ ಹೇಗೆ ಗೊತ್ತು?"

"ಸುಮ್ನೆ ಕೇಳ್ದೆ." ಲೀಬಿಶ್‌ನ ಕಣ್ಣು ಮಿನುಗಿತು. "ಚಿಂತೆ ಬಿಡಿ. ನಿಮ್ಮ ಮನೆತನ ಪುಸ್ತಕದಲ್ಲಿ ಬರೋ ಹಾಗೆ ಮಾಡೋದು ನನ್ನ ಜವಾಬ್ದಾರಿ."

ಆ ಮಿನುಗು ಯಾಕೆ ಎಂದು ಆಲ್ವಿನ್ ಅನುಮಾನಿಸಬೇಕಿತ್ತು. ಬೆಳಗಿನಿಂದ ಬೇಡದ ಕಡೆಯೆಲ್ಲ ಅನುಮಾನಿಸಿ ಸುಸ್ತಾಗಿದ್ದವನು, ಬೇಕಾದ ಒಂದು ಕಡೆ ನಂಬಿಬಿಟ್ಟ.

ಉತ್ಸವದ ದಿನ ಕಾರ್ಖಾನೆಯ ದೊಡ್ಡ ಶೆಡ್ಡಿನಲ್ಲಿ ಬಿಯರ್ ಹರಿಯಿತು, ಪುಸ್ತಕ ಹಂಚಿದರು. ಆಲ್ವಿನ್ ನೇರ ಕೊನೆಯ ಪುಟ ತೆಗೆದ. ಅರ್ಜೆಂಟೀನಾದ ಎಂಜಿನ್ ಒಂಟಿಯಾಗಿ ಹೊಳೆಯುತ್ತಿತ್ತು. ಮುಚ್ಚಿದ ಬಾಗಿಲ ಪಕ್ಕದಲ್ಲಿ ಒಂದು ನೊಣವೂ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅವನು ಹುಲ್ದಾಳ ಮುಖ ನೋಡಿದ.

ಆಗಲೇ ಮೊದಲ ಪುಟ ತೆಗೆದಿದ್ದ ರೀಡೆಲ್ ಹೋ ಎಂದು ಕೂಗಿದ.

ಅದು ಮೊದಲ ಎಂಜಿನ್ನಿನ ಫೋಟೊ. ಆ ಫೋಟೊ ಮೂಡಿದ್ದ ಹಳೆಯ ಗಾಜಿನ ಹಲಗೆಯ ಮೇಲಿನ ಕೊಳೆಯನ್ನೆಲ್ಲ ಲೀಬಿಶ್ ಕೆರೆದು ತೆಗೆದಿದ್ದ. ಆ ಕಾಲದ ಕ್ಯಾಮೆರಾಕ್ಕೆ ಬಹಳ ಹೊತ್ತು ಅಲ್ಲಾಡದೆ ಇರಬೇಕಿತ್ತು. ಹಿರಿಯ ವೋಲ್ಬರ್ಟ್ ಸೀನಿದ್ದರು. ರೀಡೆಲ್‌ನ ಅಜ್ಜ ಯಾರನ್ನೋ ಹುಡುಕಲು ತಲೆ ತಿರುಗಿಸಿ, ಮುಖದ ಬದಲು ಒಂದು ಹಿಟ್ಟಿನ ಮುದ್ದೆಯಾಗಿದ್ದ. ಇಡೀ ಫೋಟೊದಲ್ಲಿ ಒಂಚೂರೂ ಕದಲದೆ ಕೂತವನು ಒಬ್ಬನೇ. ಇಷ್ಟು ವರ್ಷ ಎಲ್ಲರೂ ಮರದ ಮೋಟು ಎಂದುಕೊಂಡಿದ್ದ ಕಪ್ಪು ಕಲೆಯ ಜಾಗದಲ್ಲಿ, ಎಲೆಯುದುರಿದ ಪೊದೆಯ ಹಿಂದೆ, ಹುಂಜದ ಗರಿಯ ಟೋಪಿ, ಬಿಗಿದ ಹುಬ್ಬು, ಮಡಿಸಿದ ಮೊಣಕಾಲು, ಎಲ್ಲವೂ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದ್ದವು. ಕೆಳಗೆ ಧಣಿಯೇ ಬರೆಸಿದ ಸಾಲು: "ಹಿನ್ನೆಲೆಯಲ್ಲಿ, ತನ್ನ ಕೆಲಸದಲ್ಲಿ ಮಗ್ನನಾಗಿರುವ ಶ್ರಮಜೀವಿ ಗ್ರೋಬೆ."

"ಎಂಥ ಏಕಾಗ್ರತೆ ನೋಡಿ!" ಎಂದು ಧಣಿ ಬಿಯರ್ ಲೋಟ ಎತ್ತಿದರು. "ಇದನ್ನ ಕಟ್ಟು ಹಾಕಿಸಿ ಎಲ್ಲರ ಮನೆಗೂ ಕೊಡ್ತಿದ್ದೀನಿ. ಒಂದೊಂದು ಮನೇಲೂ ಗೋಡೆ ಮೇಲಿರಬೇಕು. ಕುನಾತ್ ಬಂದು ನೋಡ್ತಾರೆ."

ಮರುದಿನ ಬೆಳಿಗ್ಗೆ ಹುಲ್ದಾ ಕುರ್ಚಿ ಹತ್ತಿ ಆ ಮೊಳೆಗೆ ಅಜ್ಜನನ್ನು ನೇತುಹಾಕಿದಳು. ಆಲ್ವಿನ್ ಕಾಫಿ ಲೋಟ ಹಿಡಿದು ಅಜ್ಜನ ಎದುರೇ ಕೂತ. ಅಜ್ಜನೂ ಇವನ ಎದುರೇ ಕೂತಿದ್ದ.

ಗೋಡೆಯಾಚೆಯಿಂದ ಯಾರೋ ಮೆಲ್ಲಗೆ ಟಕಟಕ ಬಡಿದರು.

"ಆಲ್ವಿನ್," ಎಂದಿತು ರೀಡೆಲ್‌ನ ದನಿ. "ಅಜ್ಜನಿಗೆ ಇನ್ನೊಂದು ಚೂರು ಪ್ಲಮ್ ಕೇಕ್ ಕಳಿಸ್ಲೇನೋ?"