ಕಿಟಕಿ ಪಕ್ಕದ ಕುರ್ಚಿ

ದರ್ಜಿಯ ಹೊಟ್ಟೆಯುರಿಗೆ ಕಾರಣ ಪಕ್ಕದ ಮನೆಯ ಷಡ್ಡಕನ ಗೊರಕೆ.

ಇಬ್ಬರ ಕಾಲಲ್ಲೂ ವರ್ಷದಿಂದ ಮಾಯದ ಹುಣ್ಣು. ಇಬ್ಬರೂ ರಾತ್ರಿಯಿಡೀ ನರಳುತ್ತಿದ್ದಷ್ಟು ಕಾಲ ಪ್ರೀತಿಗೆ ಕೊರತೆಯಿರಲಿಲ್ಲ. ಬಡಗಿ ಷಡ್ಡಕ ಆಸ್ಪತ್ರೆಯ ಆಕ್ಸಿಜನ್ ಕೋಣೆಗೆ ಹೋಗತೊಡಗಿದ, ಎಲ್ಲ ಕೆಟ್ಟಿತು. ಬಾಗಿಲು ಬಿಗಿದು, ಒಳಗಿನ ಒತ್ತಡ ಏರಿಸಿ, ಮಾಸ್ಕ್ ಹಾಕಿ ಆಕ್ಸಿಜನ್ ಕೊಡುವ ಆ ಕೋಣೆ ಅವನ ನೋವನ್ನು ಅರ್ಧಕ್ಕಿಳಿಸಿತ್ತು. ಈಗ ಗೋಡೆಯಾಚೆ ಗರಗಸ ಎಳೆದಂಥ ಗೊರಕೆ. ಈಚೆ ದರ್ಜಿ ಕಾದ ಕಾವಲಿಯ ಮೇಲಿನ ನೀರಹನಿ. ಆ ಕೋಣೆಯಲ್ಲಿರುವುದೇ ಕೆಲವು ಕುರ್ಚಿ, ಕಿಟಕಿ ಪಕ್ಕದ್ದು ಷಡ್ಡಕನದು; ಒಂದು ಖಾಲಿಯಾಗುವವರೆಗೂ ದರ್ಜಿಗೆ ಸರದಿಯಿಲ್ಲ.

"ಭಾವನ ಮುಖಕ್ಕೆ ಎಂಥಾ ಕಳೆ ಬಂದಿದೆ!" ಎಂದಳು ಹೆಂಡತಿ ಬೆಳಿಗ್ಗೆ. "ನೀವೋ, ಸುಟ್ಟ ಬದನೆಕಾಯಿ."

"ಭಾವನ್ನೇ ತಲೆ ಮೇಲೆ ಹೊತ್ಕೊಂಡು ತಿರುಗು, ಹೋಗೇ!"

ಶೀತವಿದ್ದರೆ ಒತ್ತಡಕ್ಕೆ ಕಿವಿ ಕೆಡುತ್ತದೆ, ಅಂಥವರನ್ನು ಒಳಗೆ ಬಿಡುವುದಿಲ್ಲ ಎಂದು ಷಡ್ಡಕನೇ ಜಂಭದಿಂದ ಹೇಳಿದ್ದ. ದರ್ಜಿ ಅಂಗಡಿಯ ಹಿಂದೆ ನಿಂತು, ಬಾಯಿಗೆ ಬಟ್ಟೆ ಅಡ್ಡಹಿಡಿದು ಆಸ್ಪತ್ರೆಗೆ ಫೋನ್ ಮಾಡಿದ. "ಬೆಳಗಿನ ಸರದಿಯ ಕಿಟಕಿ ಪಕ್ಕದ ಕುರ್ಚಿಯವರಿಗೆ ವಿಪರೀತ ಶೀತ. ಇಲ್ಲ ಅಂತಾರೆ, ನಂಬಬೇಡಿ."

ಖಾಲಿ ಕುರ್ಚಿ ಹಿಡಿಯಲು ಕುಂಟುತ್ತಲೇ ಓಡಿದ. ಬಸ್ಸಿನಲ್ಲಿ ಒಬ್ಬ ಸರಿಯಾಗಿ ಹುಣ್ಣನ್ನೇ ತುಳಿದ. ಅದೂ ಷಡ್ಡಕನ ಕುತಂತ್ರವೆನಿಸಿತು.

ಆಸ್ಪತ್ರೆಯಲ್ಲಿ ಷಡ್ಡಕ ಹಲ್ಲು ಕಿರಿಯುತ್ತಾ ನಿಂತಿದ್ದ.

"ಬಂದ್ಯಾ ತಮ್ಮಾ! ಕರ್ಕೊಂಡು ಬರೋಣ ಅಂತ ನಿಮ್ಮನೆಗೇ ಹೋಗಿದ್ದೆ. ಎಚ್ಚರವಾದಾಗೆಲ್ಲ ನಿನ್ನ ನರಳಾಟ ಕೇಳೋಕಾಗಲ್ಲ ಕಣೋ. ನಾನು ಹೇಗೋ ತಡ್ಕೋತೀನಿ. ನಿನ್ನೆ ಡಾಕ್ಟರನ್ನ ಕಾಡಿ ಬೇಡಿ, ಇವತ್ತಿಂದ ನನ್ನ ಕುರ್ಚಿ ನಿನಗೆ ಮಾಡಿಸಿದೀನಿ!"

ದರ್ಜಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ.

ನರ್ಸ್ ಬಂದು ದರ್ಜಿಯನ್ನು ಕೇಳಿದಳು. "ಕಿಟಕಿ ಕುರ್ಚಿ ನಿಮ್ಮದಾ? ನಿಮಗೆ ಶೀತವಂತೆ, ಬಿಡೋಕಾಗಲ್ಲ."

"ಶೀತಾನೇ ಇಲ್ಲ! ಯಾವ ಮುಠ್ಠಾಳ ಹೇಳಿದ್ದು?"

"ಯಾರೋ ನಿಮ್ಮ ಹಿತೈಷಿ. ಇಲ್ಲ ಅಂತಾರೆ, ನಂಬಬೇಡಿ ಅಂತಲೂ ಹೇಳಿದ್ರು."

ದರ್ಜಿ ಕೂಗಾಡಿದ. ಕೂಗಿ ಕೂಗಿ ಗಂಟಲು ಕಟ್ಟಿ ಕೆಮ್ಮು ಬಂತು.

"ನೋಡಿ, ಕೆಮ್ಮೂ ಇದೆ. ವಾರ ಬಿಟ್ಟು ಬನ್ನಿ." ನರ್ಸ್ ಷಡ್ಡಕನತ್ತ ತಿರುಗಿದಳು. "ಕುರ್ಚಿ ಖಾಲಿ ಯಾಕೆ? ಅಲ್ಲೀವರೆಗೆ ನೀವೇ ಕೂತ್ಕೊಳ್ಳಿ."

ಷಡ್ಡಕ ಒಲ್ಲದ ಮನಸ್ಸಿನಿಂದ ಒಳಗೆ ಹೊರಟವನು ಬಾಗಿಲಲ್ಲಿ ನಿಂತು ಹಲ್ಲು ಕಡಿದ.

"ನಿನ್ನ ಸರದಿಗೆ ಕಲ್ಲು ಹಾಕಿದ ಆ ಹೊಟ್ಟೆಕಿಚ್ಚಿನ ನಾಯಿ ಯಾವನಾದ್ರೂ ಇರ್ಲಿ ತಮ್ಮಾ, ಅವನ ಕಾಲು ಕೊಳೆತು ಹೋಗ್ಲಿ!"

"ಬಿಡ್ತು ಅನ್ನಿ ಭಾವಾ, ಬಿಡ್ತು ಅನ್ನಿ!" ಎಂದ ದರ್ಜಿ, ಹುಣ್ಣಿನ ಕಾಲನ್ನು ಬೆಂಚಿನಡಿಗೆ ಎಳೆದುಕೊಳ್ಳುತ್ತಾ.