ಬಕೀಟಿನಲ್ಲಿ ಸ್ವಾವಲಂಬನೆ

ಯಾರ ಹಂಗೂ ಇಲ್ಲದೆ ಬದುಕಬೇಕೆಂಬ ಆಸೆ ಮನುಷ್ಯರಿಗೆ ಹೊಟ್ಟೆ ತುಂಬಿದ ಮೇಲೆಯೇ ಹುಟ್ಟುತ್ತದೆಂದು ನನ್ನ ಅನುಮಾನ. ನನಗಂತೂ ಅದು ಹುಟ್ಟಿದ್ದು ಒಂದು ಭಾನುವಾರ ಮಧ್ಯಾಹ್ನ, ಭರ್ಜರಿಯಾಗಿ ಉಂಡು ಮೊಬೈಲು ಹಿಡಿದು ಅಡ್ಡಾದಾಗ. ಯಾವುದೋ ಊರಿನ ಹೆಣ್ಣುಮಗಳೊಬ್ಬಳು ತನ್ನ ಮನೆಯ ಮಾಳಿಗೆಯ ಮೇಲೆ ಬುಟ್ಟಿಗಟ್ಟಲೆ ಬದನೆ, ಟೊಮೆಟೊ ಕೀಳುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಪ್ಪತ್ತು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬೇರು, ಕಾಂಡ, ಎಲೆ ಬರೆದು ಬಾಣದ ಗುರುತು ಹಾಕಿದವಳಿಗೆ ನಿಜವಾದ ಗಿಡ ಎಷ್ಟರ ಲೆಕ್ಕ? ಬಣ್ಣದ ಖಾಲಿ ಬಕೀಟುಗಳೆಲ್ಲ ಮಾಳಿಗೆ ಹತ್ತಿದವು. ಇನ್ನು ಮೇಲೆ ಕಾಯಿಪಲ್ಯ ಹೊರಗಿನಿಂದ ತರುವುದಿಲ್ಲ ಎಂದು ಮನೆಯಲ್ಲಿ ಸಾರಿಬಿಟ್ಟೆ.

ನಾವಿರುವುದು ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ಒಂದು ಗಲ್ಲಿಯಲ್ಲಿ. ಆ ಗಲ್ಲಿಗೆ ವರ್ಷಾನುಗಟ್ಟಲೆಯಿಂದ ತರಕಾರಿ ತರುತ್ತಿದ್ದವಳು ಗುಂಡಮ್ಮ. ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬಂದು, ಬುಟ್ಟಿ ಹೊತ್ತು ಮನೆ ಮನೆ ತಿರುಗಿ, ಕೊನೆಗೆ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದಳು. ನನ್ನ ಹೊಸ ಬದುಕಿನ ಸುದ್ದಿಯನ್ನು ಅವಳಿಗೆ ನಾನೇ ಹೆಮ್ಮೆಯಿಂದ ಹೇಳಿದೆ.

"ಗುಂಡಮ್ಮ, ನಾಳಿಂದ ನಮಗ ಕಾಯಿಪಲ್ಯ ಬ್ಯಾಡವಾ. ನಾವೇ ಬೆಳಕೊಳ್ತೀವಿ."

"ಹೊಲಾ ತಗೊಂಡಿರೇನ್ರಿ ಅಕ್ಕೋರೆ?" ಅವಳಿಗೆ ಖುಷಿಯೇ ಆಗಿತ್ತು.

"ಇಲ್ಲ, ಮಾಳಿಗಿ ಮ್ಯಾಲ."

ಅವಳು ಒಮ್ಮೆ ಮಾಳಿಗೆ ನೋಡಿದಳು, ಒಮ್ಮೆ ಸೂರ್ಯನನ್ನು ನೋಡಿದಳು. "ಚಲೋ ಆತು ಬಿಡ್ರಿ" ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಆ ದಿನ ಅವಳು ಚಹಾ ಕುಡಿಯಲಿಲ್ಲ ಎಂಬುದು ನನ್ನ ಗಮನಕ್ಕೇ ಬರಲಿಲ್ಲ.

ನಮ್ಮ ಊರಿನ ಬಿಸಿಲು ಮೊಬೈಲಿನ ಬಿಸಿಲಿನಂಥದ್ದಲ್ಲ. ಮೆಂತ್ಯ ಮೊಳಕೆಯೊಡೆದು ನಾಲ್ಕು ದಿನ ನನ್ನ ಮಾನ ಕಾಪಾಡಿ ಐದನೆಯ ದಿನ ಒಣಗಿತು. ಟೊಮೆಟೊ ಗಿಡ ಹೂ ಬಿಟ್ಟು, ಉದುರಿಸಿ, ಕೈ ತೊಳೆದುಕೊಂಡಿತು. ಹಠ ಹಿಡಿದ ನಾನು ಮಾತ್ರ ಹೊರಗಿನಿಂದ ಒಂದು ಕೊತ್ತಂಬರಿ ಕಡ್ಡಿಯನ್ನೂ ತರಲಿಲ್ಲ. ರೊಟ್ಟಿ, ಬೇಳೆ, ಶೇಂಗಾ ಹಿಂಡಿ. ಮರುದಿನ ಹಿಂಡಿ, ಬೇಳೆ, ರೊಟ್ಟಿ. "ಇವತ್ತ ಎರಡು ಬೆಂಡಿಕಾಯಿ ಬಂದಾವಂತ, ಬೀಗರನ್ನ ಊಟಕ್ಕ ಕರೀಲೇನು?" ಎಂದು ನನ್ನ ಯಜಮಾನರು ಗಂಭೀರವಾಗಿ ಕೇಳುತ್ತಿದ್ದರು. ಆ ದಿನಗಳಲ್ಲಿ ಅವರಿಗೆ ಜಗತ್ ಸರ್ಕಲ್ ಕಡೆ ಏಕಾಏಕಿ ಬಹಳ ಕೆಲಸ ಬೀಳತೊಡಗಿತು. ಅಲ್ಲಿಂದ ಬಂದವರು ಹಸಿವಿಲ್ಲ ಎನ್ನುತ್ತಿದ್ದರು. ಅಂಗಿಯ ಮೇಲೆ ಎಣ್ಣೆಗಾಯಿ ಬದನೆಯ ಕಲೆ ಕಂಡ ದಿನ ಆ ಕೆಲಸ ಯಾವ ಖಾನಾವಳಿಯದೆಂದು ತಿಳಿಯಿತು.

ಇನ್ನೊಂದು ಬದಲಾವಣೆಯೂ ಆಗಿತ್ತು. ಗಲ್ಲಿಯ ಹೆಂಗಸರು ನನ್ನೊಡನೆ ಮಾತು ಕಡಿಮೆ ಮಾಡಿದ್ದರು. ಪಕ್ಕದ ಮನೆಯ ಶಬಾನಾ ಭಾಬಿ ಬಿಸಿಲಲ್ಲಿ ಚೀಲ ಹಿಡಿದು ಎದುರಾದರೆ ಸಲಾಮಿಗೆ ಸಲಾಮು, ಅಷ್ಟೆ. ನನ್ನ ಸ್ವಾವಲಂಬನೆ ಕಂಡು ಹೊಟ್ಟೆಕಿಚ್ಚು ಇರಬೇಕೆಂದುಕೊಂಡೆ. ತರಕಾರಿಯಲ್ಲಿ ಸೋತವಳು ಹಣ್ಣಿನಲ್ಲಾದರೂ ಗೆಲ್ಲೋಣವೆಂದು, ಕೆಂಪು ಬಾಳೆಯ ಸಸಿ ತರಲು ಒಂದು ರಜಾದಿನ ಆ ಬಾಳೆಗೆ ಹೆಸರಾದ ಕಮಲಾಪುರದ ಬಸ್ಸು ಹತ್ತಿದೆ.

ಅಂದು ಅಲ್ಲಿ ಸಂತೆ. ಸಾಲಿನ ತುದಿಯಲ್ಲಿ ಗುಂಡಮ್ಮ ಕೂತಿದ್ದಳು. ನನ್ನನ್ನು ಕಂಡವಳೇ ಗೋಣಿತಾಟು ಸರಿಸಿ ಕೂರಲು ಜಾಗ ಮಾಡಿದಳು. ಸಸಿಯ ವಿಷಯ ಹೇಳಿದೆ.

"ಬಾಳಿಗಿಡ ಬಕೀಟಿನಾಗ ಹಚ್ತೀರೇನ್ರಿ?" ಎಂದು ಬಾಯಿಗೆ ಸೆರಗು ಹಿಡಿದಳು. "ಹಣ್ಣು ತಿನ್ರಿ ಅಕ್ಕೋರೆ, ಸುಮ್ನ."

ನಾನು ಮಾತು ಬದಲಿಸಿದೆ. "ನಮ್ಮ ಗಲ್ಲ್ಯಾಗ ನಿನ್ನ ದನೀನೇ ಕೇಳವಲ್ದು?"

"ಬರೂದು ಬಿಟ್ಟೀನ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮಣಕಾಲು ನೋವದರಿ. ನಿಮ್ಮ ಕಟ್ಟಿ ಮ್ಯಾಲ ಬುಟ್ಟಿ ಇಳಿಸಿ, ಕಾಲು ಚಾಚಿ, ಚಾ ಕುಡದ್ರ ಹೊಳ್ಳಿ ಹೋಗೂ ಶಕ್ತಿ ಬರ್ತಿತ್ತು. ವ್ಯಾಪಾರ ಇಲ್ದ ಮನಿ ಮುಂದ ಬರೀ ಕೂಡಾಕ ಹ್ಯಾಂಗ್ ಬರ್ಲಿರಿ?"

ನಾನು ಕಡಿದದ್ದು ನನ್ನ ಮನೆಯ ಎರಡು ಕಟ್ಟು ಸೊಪ್ಪಿನ ವ್ಯವಹಾರ ಎಂದುಕೊಂಡಿದ್ದೆ. ಕಡಿದದ್ದು ಅವಳು ದಣಿವಾರಿಸಿಕೊಳ್ಳುವ ಜಾಗವನ್ನು. ಅದರೊಂದಿಗೆ ಇಡೀ ಗಲ್ಲಿಯ ತರಕಾರಿಯೂ ಹೋಗಿತ್ತು. ಶಬಾನಾ ಭಾಬಿ ಬಿಸಿಲಿನಲ್ಲಿ ಜಗತ್ ಸರ್ಕಲ್‌ವರೆಗೆ ಚೀಲ ಹಿಡಿದು ಹೋಗುತ್ತಿದ್ದದ್ದು ಯಾರ ಪುಣ್ಯದಿಂದ ಎಂದು ಆಗ ಗೊತ್ತಾಯಿತು. ಪಾಠ ಬರದೆ ಬೆಂಚಿನ ಮೇಲೆ ನಿಂತ ಹುಡುಗಿಯ ಹಾಗೆ ತಲೆ ತಗ್ಗಿಸಿ ಹೇಳಿದೆ:

"ತಪ್ಪಾತು ಗುಂಡಮ್ಮ. ನಾಳಿ ಬಾ. ವ್ಯಾಪಾರ ಇರ್ಲಿ ಬಿಡ್ಲಿ, ಚಾಕ್ಕ ಬಾ."

"ಮೊದ್ಲ ನಿಮ್ಮ ಮಾಳಿಗಿ ತ್ವಾಟ ನೋಡ್ತೀನ್ರಿ" ಎಂದಳು.

ಎರಡು ದಿನ ಬಿಟ್ಟು ಬಂದಳು. ಮಾಳಿಗೆ ಹತ್ತಿ, ಒಣಗಿದ ಬಕೀಟುಗಳ ನಡುವೆ ಸಾವಿನ ಮನೆಗೆ ಬಂದವಳಂತೆ ನಿಂತಳು. ಆಮೇಲೆ ಸೀರೆ ಎತ್ತಿ ಕಟ್ಟಿ, ನೀರಿನ ಟಾಕಿಯ ನೆರಳಿಗೆ ಬಕೀಟುಗಳನ್ನು ಎಳೆಸಿದಳು. ಮೇಲೆ ನನ್ನದೊಂದು ಹಳೆಯ ಸೀರೆ ಕಟ್ಟಿಸಿದಳು. ಸೊಂಟದ ಚೀಲದಿಂದ ಪುಂಡಿ ಸೊಪ್ಪಿನ ಬೀಜ ತೆಗೆದು ತಾನೇ ಉದುರಿಸಿದಳು. "ಈ ಬಿಸಿಲಿಗಿ ಇದ ಬರಾಬರ್ ನೋಡ್ರಿ. ಸಂಜೀಕ ನೀರ್ ಹಾಕ್ರಿ. ದಿನಾ ಮಣ್ಣು ಕೆದರಿ ನೋಡಬ್ಯಾಡ್ರಿ." ಕೆದರಿ ನೋಡುತ್ತಿದ್ದೆನೆಂದು ಅವಳಿಗೆ ಹೇಗೆ ತಿಳಿಯಿತೋ!

ಪುಂಡಿ ಬೆಳೆಯಿತು, ಮನೆಗೆ ಹೆಚ್ಚಾಗುವಷ್ಟು. ಒಂದು ಬೆಳಗ್ಗೆ ದೊಡ್ಡ ಕಟ್ಟು ಕೊಯ್ದು ಗುಂಡಮ್ಮನ ಬುಟ್ಟಿಗೆ ಹಾಕಿ ಶಾಲೆಗೆ ಹೋದೆ. ಸಂಜೆ ಬಂದರೆ ಅಡುಗೆಮನೆಯಲ್ಲಿ ಯಜಮಾನರು ಕೊಂಡಿಟ್ಟ ಪುಂಡಿಯ ಕಟ್ಟಿತ್ತು. ಬೇಳೆ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿದೆ. ಬಿಸಿ ರೊಟ್ಟಿಯ ಜೊತೆ ಅದ್ಭುತವಾಗಿತ್ತು. ಹೊಲದ ಮಣ್ಣಿನಲ್ಲಿ ಬೇರು ಆಳಕ್ಕೆ ಇಳಿಯುತ್ತದೆ, ಖನಿಜಾಂಶ ಹೀರುತ್ತದೆ, ಬಕೀಟಿನ ಸೊಪ್ಪಿಗೆ ಈ ಹುಳಿ ಎಲ್ಲಿಂದ ಬರಬೇಕು ಎಂದು ಅರ್ಧ ತಾಸು ವೈಜ್ಞಾನಿಕವಾಗಿ ವಿವರಿಸಿದೆ. ಯಜಮಾನರು ತಲೆಯಾಡಿಸುತ್ತ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಮರುದಿನ ಚಹಾದ ಬಟ್ಟಲು ಹಿಡಿದ ಗುಂಡಮ್ಮ ಹೇಳಿದಳು: "ನಿನ್ನಿ ನಿಮ್ಮ ಪುಂಡಿ ಎಲ್ಲಾ ನಿಮ್ಮ ಸಾಹೇಬ್ರೇ ತಗೊಂಡ್ರು ನೋಡ್ರಿ. ಹ್ಯಾಂಗಾಗಿತ್ರಿ ಪಲ್ಯ?"